ಕುಂಟುಕೋಳಿ ಹತ್ತಿದ ಹಡಗು

ಬುಧವಾರ, ಮಾರ್ಚ್ 12
ಮಧ್ಯಾಹ್ನ ಎರಡೂಕಾಲು

ನನ್ನ ಮುದ್ದು ಬಟಾಣಿ,

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಎಲ್ಲಿ ಬೇಕಾದರೂ ಅರ್ಧಕ್ಕೆ ನಿಲ್ಲಬಹುದು. ಮೇಡಂ ಈಗ ತಾನೆ ಕಣ್ಣು ಮುಚ್ಚಿದ್ದಾರೆ. ಮೇಡಂ ಎಂದರೆ ನನ್ನ ಮಗಳೇ. ನಾಲ್ಕು ತಿಂಗಳಾದರೂ ಇಟ್ಟ ಹೆಸರಿಗಿಂತ ಈ ಪದವಿಯೇ ಅವಳಿಗೆ ಹೆಚ್ಚು ಒಪ್ಪುತ್ತದೆ ಎಂದು ನಿನ್ನ ಭಾವನ ಅಭಿಪ್ರಾಯ. ನಿದ್ದೆ ಅನ್ನುವುದನ್ನು ಅವಳು ನಮಗೆ ಚಮಚದಲ್ಲಿ ಅಳೆದು ಕೊಡುತ್ತಿದ್ದಾಳೆ. ಅವಳು ಮಲಗಿದಾಗಲಾದರೂ ನಾನು ಮಲಗಬಹುದಲ್ಲ, ಮಲಗುವುದಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನನ್ನ ಕನ್ನಡಕ ತೆಗೆದು ಅವಳ ಮೂಗಿನ ಕೆಳಗೆ ಹಿಡಿದು, ಗಾಜಿನ ಮೇಲೆ ಮಂಜು ಕಟ್ಟಿದ್ದು ಕಂಡ ಮೇಲೇ ನನಗೆ ಸಮಾಧಾನ. ಕನ್ನಡಕದ ಅಂಗಡಿ ನಡೆಸುವ ನಿನ್ನ ಭಾವ, ನಾನು ಅಂಗಡೀಲಿ ಇಡೀ ದಿನ ಒರೆಸೋ ಗಾಜಿಗಿಂತ ನೀನು ಮನೇಲಿ ಒರೆಸೋದೇ ಜಾಸ್ತಿ ಕಣೇ ಅಂತ ಆಡಿಕೊಳ್ಳುತ್ತಾರೆ.

ಫೋನ್ ಮಾಡಬಹುದಿತ್ತು. ಮಾಡಿದೆ ಕೂಡ. ಹತ್ತು ಸಲಕ್ಕೆ ಎರಡು ಸಲ ಎತ್ತಿ, ಕೆಲಸದಲ್ಲಿದೀನಕ್ಕಾ, ಆಮೇಲೆ ಮಾಡ್ತೀನಿ ಅಂದೆ. ಆ ಆಮೇಲೆ ಇನ್ನೂ ಬಂದಿಲ್ಲ. ಮಗು ಹುಟ್ಟಿದಾಗ ಆಸ್ಪತ್ರೆಗೆ ಬಂದವಳು ಅರ್ಧ ಗಂಟೆ ಕುರ್ಚಿಯ ತುದಿಯಲ್ಲಿ ಕೂತು, ಹಳದಿ ಟೋಪಿ ಕೊಟ್ಟು, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದುಹೋದೆ. ಯಾಕೆ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದೆ.

ನಿನ್ನೆ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ‘ನಕ್ಷತ್ರ ಅಂಚೆ’ ಕಾರ್ಟೂನಿನ ಎರಡನೆಯ ಭಾಗವನ್ನು ನಿಮ್ಮ ಸ್ಟುಡಿಯೋದವರು ಪೂರ್ತಿ ನಿನ್ನ ಕೈಗೇ ಕೊಡುತ್ತೇವೆ ಎಂದಿದ್ದಾರಂತೆ. ಸೋಮವಾರದೊಳಗೆ ನೀನು ಹೂಂ ಅಥವಾ ಊಹೂಂ ಹೇಳಬೇಕಂತೆ. ನೀನು, ನಂಗೆ ಅದೆಲ್ಲ ಬರಲ್ಲಮ್ಮ, ಮಕ್ಕಳ ಪಠ್ಯಪುಸ್ತಕಕ್ಕೆ ಕೊಡೆ, ಗಡಿಯಾರದ ಚಿತ್ರ ಬರ್ಕೊಂಡು ಇರ್ತೀನಿ ಅಂದೆಯಂತೆ. ಯಾಕೇ ಅಂತ ಕೇಳಿದ್ದಕ್ಕೆ, ಅಕ್ಕ ಪತ್ರಿಕೇಲಿ ಬರೆದಿದಾಳಲ್ಲ, ಓದಿಲ್ವಾ ಅಂದೆಯಂತೆ. ಅಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನೀವಿಬ್ರೂ ಏನಾದ್ರೂ ಮಾಡ್ಕೊಳ್ಳಿ, ನಾನು ಫೋನ್ ಇಡ್ತೀನಿ ಅಂದಳು. ಇಡದೆ ಇನ್ನೂ ಅರ್ಧ ಗಂಟೆ ಮಗುವಿನ ಹೊಟ್ಟೆಯ ವಿಚಾರ ಕೇಳಿದಳು.

ಆ ಲೇಖನವನ್ನು ಹುಡುಕಿ ಮತ್ತೆ ಓದಿದೆ. ಕಿವಿಯೆಲ್ಲ ಬಿಸಿಯಾಯಿತು. ಎಂಥ ಗತ್ತು ನೋಡು: ‘ಐವತ್ತು ವರ್ಷಗಳಿಂದ ಕಾದಂಬರಿ, ಸಿನಿಮಾ, ಆಟಿಕೆಗಳಾಗಿ ಬೆಳೆಯುತ್ತಲೇ ಬಂದಿರುವ ನಕ್ಷತ್ರ ಅಂಚೆಗೆ ಎರಡು ಕಾರ್ಟೂನ್ ರೂಪಗಳಿವೆ. ನಾವು ಚಿಕ್ಕಂದಿನಲ್ಲಿ ನೋಡಿದ್ದು ಒಂದು, ಈಗ ಬಂದಿರುವುದು ಇನ್ನೊಂದು. ಹಳೆಯದರಲ್ಲಿ ಚಂದ್ರನಿಂದ ಚಂದ್ರನಿಗೆ ಕಾಗದ ಹೊತ್ತೊಯ್ಯುವ ಹಡಗು ಹಡಗಿನಂತೆ ಇತ್ತು. ಹೊಸದರಲ್ಲಿ ಅದು ಬಟ್ಟೆ ಒಣಹಾಕುವ ಹಿತ್ತಲಾಗಿದೆ. ಹಗ್ಗದ ತುಂಬ ಕಾಲುಚೀಲ. ಮಾಟಗಾರರ ಜೊತೆ ಕಾದಾಡುವ ಕ್ಯಾಪ್ಟನ್ ಕಾಲಲ್ಲಿ ಒಂಟಿ ಚಪ್ಪಲಿ. ಸಾಲದ್ದಕ್ಕೆ ಒಂದು ಕುಂಟುಕೋಳಿ! ಮೂಲ ಗೊತ್ತಿಲ್ಲದವರ ಚೇಷ್ಟೆ.’

ಮೂಲ ಗೊತ್ತಿಲ್ಲದವರು! ನಾನು, ಬಟಾಣಿ, ನಾನು ಇದನ್ನು ಬರೆದೆ.

ಮುಂದಿನದು ಇನ್ನೂ ಚೆಂದ. ‘ಹಳೆಯದರ ಕೊನೆಯ ಕಂತನ್ನು ಮರೆಯುವುದುಂಟೇ? ಅಂಚೆ ಎಲ್ಲೂ ನಿಲ್ಲಬಾರದು ಎಂಬುದು ಕಟ್ಟಪ್ಪಣೆ. ಆದರೂ ಜ್ವರ ಬಂದು ಹಾಳು ಚಂದ್ರನ ಮೇಲೆ ಉಳಿದುಹೋದ ಚಿಕ್ಕ ನಾವಿಕಳಿಗಾಗಿ ಕ್ಯಾಪ್ಟನ್ ಹಡಗನ್ನೇ ಹಿಂದಕ್ಕೆ ತಿರುಗಿಸುತ್ತಾಳೆ. ಹೊಸದರಲ್ಲಿ ಬಣ್ಣವಿದೆ, ಈ ಹೃದಯವಿಲ್ಲ.’

ಈಗ ಒಪ್ಪಿಕೊಳ್ಳುವ ಹೊತ್ತು. ನಿನ್ನ ಸರಣಿಯ ಹನ್ನೆರಡು ಕಂತುಗಳಲ್ಲಿ ಆಗ ನಾನು ನೋಡಿದ್ದು ಒಂದೂವರೆ. ತುಂಬು ಬಸುರಿ, ಕಾಲು ಊದಿಕೊಂಡು ಕಂಬವಾಗಿತ್ತು. ಪತ್ರಿಕೆಯವರು ನಾಲ್ಕು ದಿನದಲ್ಲಿ ಲೇಖನ ಬೇಕೆಂದಿದ್ದರು. ಎರಡನೆಯ ಕಂತಿನ ನಡುವೆ ನಿದ್ದೆಹೋದೆ. ಎದ್ದು ಉಳಿದದ್ದನ್ನು ಊಹಿಸಿ ಬರೆದೆ. ಪೂರ್ತಿ ನೋಡಿ ಆಮೇಲೆ ಹೇಳಕ್ಕಾ, ಮಧ್ಯದಲ್ಲೇ ಏನೂ ಹೇಳ್ಬೇಡ ಅಂತ ನೀನು ಎರಡೆರಡು ಸಲ ಹೇಳಿದ್ದೆ. ಏನು ಕೆಲಸ ಮಾಡಿದೀಯಾ ಅದರಲ್ಲಿ ಅಂದರೆ, ಆಕಾಶಕ್ಕೆ ಬಣ್ಣ ಹಾಕ್ತೀನಿ ಅಂತ ನಕ್ಕಿದ್ದೆ. ನಾನು ನಂಬಿದೆ. ಆಕಾಶ ಚೆನ್ನಾಗಿದೆ ಎಂದು ಲೇಖನದಲ್ಲಿ ಒಂದು ಸಾಲು ಸೇರಿಸಿ, ತಂಗಿಯ ಋಣ ತೀರಿತು ಅಂದುಕೊಂಡೆ.

(ಎದ್ದಳು. ಹಾಲು ಕುಡಿಸಿ, ಬೆನ್ನು ತಟ್ಟಿ, ತೇಗು ತರಿಸಿ ಬಂದೆ. ಈಗ ನಾಲ್ಕು ಗಂಟೆ.)

ಹೋದ ವಾರ ಏನಾಯಿತು ಗೊತ್ತಾ? ಮೇಡಂಗೆ ತೊಟ್ಟಿಲು ಆಗದು, ಹಾಸಿಗೆ ಆಗದು. ನೆಟ್ಟಗೆ ಭುಜದ ಮೇಲೆ ಹಾಕಿಕೊಂಡು, ನಡುಮನೆಗೂ ಒಳಕೋಣೆಗೂ ನಡುವಿನ ಬಾಗಿಲಲ್ಲೇ ನಿಂತಿರಬೇಕು. ಅಲ್ಲಿ ಎಂಥದೋ ಗಾಳಿ ಆಡುತ್ತದೆ, ಅದು ಅವರಿಗೆ ಇಷ್ಟ. ಒಂದು ಹೆಜ್ಜೆ ಆಚೀಚೆ ಆದರೆ ರಾಗ ಶುರು. ಬಾಗಿಲ ಚೌಕಟ್ಟಿಗೆ ಒರಗಿ ನಿಂತೂ ನಿಂತೂ ಬೇಜಾರಾಗಿ ಟಿವಿ ಹಾಕಿದೆ, ಶಬ್ದ ಪೂರ್ತಿ ತೆಗೆದು. ಐದು ತಿಂಗಳ ಹಿಂದೆ ನಾನು ನಿದ್ದೆಹೋದ ಜಾಗದಿಂದಲೇ ನಿನ್ನ ಕಂತು ಶುರುವಾಯಿತು. ಟಿವಿಗೂ ನನ್ನ ಮೇಲೆ ಸಿಟ್ಟಿತ್ತೋ ಏನೋ.

ಮಗು ಕೊಸರಾಡಿತು. ಅವಳ ಮುಖ ಕತ್ತಲೆ ಕೋಣೆಯ ಕಡೆಗೆ, ನನ್ನ ಮುಖ ಟಿವಿಯ ಕಡೆಗೆ. ಸಮಾಧಾನ ಮಾಡಲು ಪಿಸುದನಿಯಲ್ಲಿ ಹೇಳತೊಡಗಿದೆ: ಅಗೋ ಹಡಗು ಬಂತು ಕಂದಾ, ಕ್ಯಾಪ್ಟನ್ ಚಪ್ಪಲಿ ಹುಡುಕ್ತಿದಾಳೆ, ಒಂದೇ ಸಿಕ್ಕಿದೆ, ಈಗ ನೋಡು, ಹಗ್ಗದ ಮೇಲೆ ಆ ಕೆಂಪು ಕಾಲುಚೀಲ ಅಲ್ಲಾಡುತ್ತೆ, ಅದರೊಳಗಿಂದ ಕುಂಟುಕೋಳಿ ತಲೆ ಹಾಕುತ್ತೆ.

ಹೇಳಿ ಮುಗಿಸಿದೆ. ಆಮೇಲೆ, ಕೇಳಿಸಿಕೋ, ಆಮೇಲೆ ಕಾಲುಚೀಲ ಅಲ್ಲಾಡಿತು. ಕೋಳಿ ತಲೆ ಹಾಕಿತು.

ಕಂತಿನ ಆ ಭಾಗವನ್ನು ನಾನು ನೋಡಿಯೇ ಇರಲಿಲ್ಲ. ಒಂದು ಕ್ಷಣ, ನಿದ್ದೆಗೆಟ್ಟು ತಲೆ ಕೆಟ್ಟಿತೇ ಎಂದು ನಿಜವಾಗಿ ಹೆದರಿದೆ. ಭುಜದ ಮೇಲೆ ಭಾರ, ಬೆನ್ನಿಗೆ ಚೌಕಟ್ಟು, ಒಂದು ಕಡೆ ಬೆಳಕು, ಒಂದು ಕಡೆ ಕತ್ತಲೆ. ಆಗ ನೆನಪಾಯಿತು.

ನಿನಗೆ ಐದು ವರ್ಷ, ದಡಾರ. ಬೆಳಕು ಕಂಡರೆ ಕಣ್ಣು ಉರಿಯುತ್ತದೆಂದು ನಿನ್ನನ್ನು ಒಳಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಮಲಗಿಸಿದ್ದರು. ಸಂಜೆ ಐದೂವರೆಗೆ ‘ನಕ್ಷತ್ರ ಅಂಚೆ’. ನೀನು ಅತ್ತೂ ಅತ್ತೂ ಮನೆ ಹಾರಿಸುತ್ತಿದ್ದೆ. ಒಂಬತ್ತು ವರ್ಷದ ನಾನು ಬಾಗಿಲಲ್ಲಿ ಕೂತು, ನಡುಮನೆಯ ಟಿವಿ ನೋಡುತ್ತಾ, ಕತ್ತಲೆಯೊಳಗಿನ ನಿನಗೆ ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಆದರೆ ಹೇಳುವುದಕ್ಕೆ ಅಲ್ಲಿ ಏನಿತ್ತು ಹೇಳು? ಆ ಹಳೆಯ ಕಾರ್ಟೂನಿನಲ್ಲಿ ಬಾಯಿ ಬಿಟ್ಟರೆ ಬೇರೇನೂ ಅಲುಗುತ್ತಿರಲಿಲ್ಲ. ಅವೇ ಐದು ನಕ್ಷತ್ರ ಎಡದಿಂದ ಬಲಕ್ಕೆ ಹೋಗಿ, ಸುತ್ತು ಹಾಕಿಕೊಂಡು ಮತ್ತೆ ಎಡದಿಂದ ಬರುತ್ತಿದ್ದವು. ಕ್ಯಾಪ್ಟನ್ ಒಂದೇ ಬಾಗಿಲನ್ನು ನಾಲ್ಕು ಸಲ ದಾಟಿ ಓಡುತ್ತಿದ್ದಳು. ಈಗೇನಾಯ್ತು, ಈಗೇನಾಯ್ತು ಅಂತ ನೀನು ಪೀಡಿಸುತ್ತಿದ್ದೆ. ನಿಂತಿದಾರೆ ಅಂದರೆ ಅಳುತ್ತಿದ್ದೆ. ಅದಕ್ಕೇ ನಾನು ಸೇರಿಸತೊಡಗಿದೆ. ನಿನ್ನ ಕೋಣೆಯಲ್ಲಿ ಅಮ್ಮ ಕಟ್ಟಿದ್ದ ಬಟ್ಟೆಹಗ್ಗವನ್ನು ಹಡಗಿಗೆ ಕಟ್ಟಿದೆ. ಅಪ್ಪ ದಿನಾ ಬೆಳಿಗ್ಗೆ ಹುಡುಕುತ್ತಿದ್ದ ಚಪ್ಪಲಿಯನ್ನು ಕ್ಯಾಪ್ಟನ್ನಿಗೆ ಕೊಟ್ಟೆ. ಹಡಗಿನ ಎಂಜಿನ್ ಟುಕ್, ಟುಕ್ಟುಕ್, ಟುಕ್ ಎಂದು ತಪ್ಪು ತಾಳ ಹಾಕುತ್ತಿತ್ತಲ್ಲ, ಅದೇನಕ್ಕಾ ಶಬ್ದ ಅಂತ ನೀನು ಕೇಳಿದಾಗ, ಕುಂಟುಕೋಳಿ ಓಡಾಡ್ತಿದೆ ಕಣೇ ಅಂದುಬಿಟ್ಟೆ. ನೀನು ನಕ್ಕೆ. ಆ ಕಾಯಿಲೆಯಲ್ಲಿ ನೀನು ಮೊದಲು ನಕ್ಕಿದ್ದೇ ಆಗ. ಅಲ್ಲಿಂದ ಕೋಳಿ ಹಡಗು ಬಿಟ್ಟು ಇಳಿಯಲಿಲ್ಲ.

ನಾನು ಮರೆತೆ. ನೀನು ಇಪ್ಪತ್ತನಾಲ್ಕು ವರ್ಷ ಅದನ್ನು ಸಾಕಿ, ಗರಿಗರಿಗೂ ಬಣ್ಣ ಹಾಕಿ, ಮತ್ತೆ ನನ್ನೆದುರಿಗೆ ಬಿಟ್ಟೆ. ನಾನು ನನ್ನದೇ ಕೋಳಿಯನ್ನು ಪತ್ರಿಕೆಯಲ್ಲಿ ಹಿಡಿದು ಬಡಿದೆ.

ಆಮೇಲೆ ಐದು ಮಧ್ಯಾಹ್ನ ನಾನೂ ಮೇಡಮ್ಮೂ ಅದೇ ಬಾಗಿಲಲ್ಲಿ ನಿಂತು ಹನ್ನೆರಡನ್ನೂ ನೋಡಿದೆವು. ಮೊದಲ ಮೂರು ದಿನ ಅತ್ತೆ, ಉಳಿದೆರಡು ದಿನ ನಕ್ಕೆ. ನಮ್ಮ ಮನೆಯ ಒಡಕು ಬಕೆಟ್ಟನ್ನು ಮೂರು ಚಂದ್ರರ ಮಾಟಗಾರನ ಕಿರೀಟ ಮಾಡಿದ್ದೀಯಲ್ಲೇ, ಅಮ್ಮನಿಗೆ ಹೇಳಬೇಡ. ಕೊನೆಯ ಕಂತು ಬಂತು. ಚಿಕ್ಕ ನಾವಿಕಳು ಹಾಳು ಚಂದ್ರನ ಮೇಲೆ ಕಂಬಳಿ ಹೊದ್ದು ಕೂತಿದ್ದಾಳೆ. ಮುಖದ ತುಂಬ ಕೆಂಪು ಗುಳ್ಳೆ. ಹಡಗಿನವರೆಲ್ಲ ತಡವಾಯಿತು ಎಂದು ಗಡಿಯಾರ ತೋರಿಸುತ್ತಾರೆ. ಕ್ಯಾಪ್ಟನ್ ಒಂದು ಲಕೋಟೆಯ ಬೆನ್ನ ಮೇಲೆ ಬರೆದು ಎತ್ತಿ ಹಿಡಿಯುತ್ತಾಳೆ: ‘ಕಾಗದ ತಡವಾದರೂ ಓದುತ್ತಾರೆ.’ ಹಡಗು ತಿರುಗುತ್ತದೆ.

ಹೃದಯವಿಲ್ಲ ಎಂದು ಬರೆದಿದ್ದೆನಲ್ಲ, ಅದು ಕೊನೆಯ ಕಂತಿನಲ್ಲಿ ನನಗಾಗಿ ಕಾದು ಕೂತಿತ್ತು. ಕೆಳಗೆ ಹೆಸರುಗಳು ಓಡಿದವು. ಹಡಗಿನ ಕಲ್ಪನೆ, ಚಿತ್ರ ಎಂಬಲ್ಲಿ ಒಂದೇ ಒಂದು ಹೆಸರು, ನಿನ್ನದು. ಆಕಾಶಕ್ಕೆ ಬಣ್ಣ ಹಾಕಿದ್ದು ಯಾರೋ ಬೇರೆಯವರು.

ಹಳೆಯದನ್ನೂ ಹುಡುಕಿ ನೋಡಿದೆ. ಅದರ ಕೊನೆಯ ಕಂತಿನಲ್ಲಿ ಹಡಗು ತಿರುಗುವುದೇ ಇಲ್ಲ! ಕಾಗದ ಹಂಚಿ, ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ಹೋ ಹೋ ಎಂದು ನಗುತ್ತಾರೆ, ಡೋಲು ಮೊಳಗುತ್ತದೆ, ಮುಗಿಯಿತು. ನೆನಪಿನಲ್ಲಿ ಅದೂ ಇದೂ ಬೆರೆತುಹೋಗಿತ್ತು ಅಂತ ಇಟ್ಟುಕೋ. ದಡಾರದಲ್ಲಿ ಆ ಕೊನೆಯ ಕಂತಿನ ದಿನ ಟಿವಿಯ ಶಬ್ದ ಯಾಕಿಲ್ಲ ಅಂತ ನೀನು ಕೇಳಿದ್ದು, ನಾನು ಏನೋ ಒಂದು ಸಮಾಧಾನ ಹೇಳಿದ್ದು ಮಾತ್ರ ಮಸುಕಾಗಿ ನೆನಪಿದೆ.

ಹೀಗೆಂದು ಹಳೆಯದನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ ನಾನು. ಪಾಪ, ಅದು ಎಷ್ಟು ಬಡ ಕಾರ್ಟೂನ್ ಆಗಿತ್ತೆಂದರೆ ಒಂಬತ್ತು ವರ್ಷದವಳೂ ಅದರೊಳಗೆ ಹೋಗಿ ಸಂಸಾರ ಹೂಡಬಹುದಿತ್ತು. ನಿನ್ನದರಷ್ಟು ಚೆಂದ ಇದ್ದಿದ್ದರೆ ನನಗೆ ಹೇಳುವುದಕ್ಕೆ ಏನು ಉಳಿಯುತ್ತಿತ್ತು? ಧ್ವನಿಗಳೂ ಅದರದೇ ಮೇಲು. ಕತ್ತಲ ರಾಣಿ ನಕ್ಕರೆ ಈಗಲೂ ಬೆನ್ನಲ್ಲಿ ಚಳಿ. ನಿನ್ನ ಏಳನೆಯ ಕಂತು ಎಳೆದದ್ದು ಹೆಚ್ಚಾಯಿತು, ಕ್ಯಾಪ್ಟನ್ನಿನ ಕೋಟು ಅಷ್ಟೆಲ್ಲ ಯುದ್ಧ ಮಾಡಿಯೂ ಇಸ್ತ್ರಿ ಕೆಡುವುದಿಲ್ಲ. ಇಷ್ಟು ತಪ್ಪು ಹುಡುಕಿದ್ದೇನೆ, ಇನ್ನಾದರೂ ಉಳಿದ ಹೊಗಳಿಕೆಯನ್ನು ನಂಬು. ನೋಡಿ ಬರೆಯುತ್ತಿದ್ದೇನೆ, ಈ ಸಲ.

ಪತ್ರಿಕೆಗೂ ಬರೆದು ಕಳಿಸಿದೆ. ಒಂದೂವರೆ ಕಂತು ನೋಡಿ ಬರೆದಿದ್ದೆ, ತಪ್ಪಾಯಿತು ಎಂದು ನೇರವಾಗಿಯೇ. ಸಂಪಾದಕರು ಫೋನ್ ಮಾಡಿ, ಇಷ್ಟೆಲ್ಲ ಒಪ್ಕೋಬೇಕಾ ಮೇಡಂ, ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಂದರು. ಗೊತ್ತಾಗಬೇಕಾದವಳಿಗೆ ಗೊತ್ತಾಗಿದೆ ಸಾರ್ ಅಂದೆ. ಮುಂದಿನ ವಾರ ಬರುತ್ತದೆ.

ಸೋಮವಾರ ಹೂಂ ಅನ್ನು, ಬಟಾಣಿ. ನನ್ನ ಮಾತಿಗೆ ಹೆದರಿ ಬಿಡಬೇಡ. ನನ್ನ ಮಾತು ಕೇಳಿಯೇ ಶುರುಮಾಡಿದವಳು ನೀನು, ಅದನ್ನೇ ನೆಚ್ಚಿ ಮುಂದೆ ಹೋಗು. ಆಮೇಲೆ ಬಸ್ಸು ಹತ್ತಿ ಇಲ್ಲಿಗೆ ಬಾ. ನಿನ್ನ ಭಾವ ಬಾಗಿಲಿನ ಆಚೆ ನಿನಗೆ ಹಾಸಿಗೆ ಹಾಕಿಕೊಡುತ್ತಾರೆ. ಮೇಡಮ್ಮನ್ನು ಒಂದೇ ಒಂದು ಮಧ್ಯಾಹ್ನ ನೀನು ಹೊತ್ತುಕೋ, ಕೋಳಿಯ ಕತೆ ನೀನೇ ಹೇಳು. ನಾನು ಮಲಗುತ್ತೇನೆ. ಕನ್ನಡಕವನ್ನೂ ನಿನ್ನ ಕೈಗೇ ಕೊಟ್ಟಿರುತ್ತೇನೆ.

ಬಾಗಿಲಲ್ಲಿ ಒರಗಿಕೊಂಡೇ ಇರುವ,
ನಿನ್ನ ಅಕ್ಕ

ತಾ. ಕ.: ಗುರುವಾರ ಬೆಳಿಗ್ಗೆ. ಕಾಗದ ಇನ್ನೂ ಕೊರಿಯರಿಗೆ ಕೊಟ್ಟಿಲ್ಲ. ಮಗು ನಿನ್ನ ಭಾವನ ಕೈಯಲ್ಲಿ ಎಚ್ಚರವಾಗಿಯೇ ಇತ್ತು, ಕೊನೆಯ ಕಂತನ್ನು ಒಮ್ಮೆ ಶಬ್ದ ಇಟ್ಟು ನೋಡೋಣವೆಂದು ಹಾಕಿದೆ. ಶಬ್ದವೇ ಬರಲಿಲ್ಲ. ಏರಿಸಿದೆ, ಇನ್ನೂ ಏರಿಸಿದೆ. ಟಿವಿ ಕೆಟ್ಟಿರಬೇಕೆಂದು ಹನ್ನೊಂದನೆಯ ಕಂತು ಹಾಕಿದರೆ ಮನೆಯೇ ಬಿದ್ದುಹೋಗುವಂತೆ ಗುಡುಗಿತು. ಮೇಡಂ ಬೆಚ್ಚಿಬಿದ್ದು, ನಮ್ಮಿಬ್ಬರ ಮುಖ ನೋಡಿ, ಕೇಕೆ ಹಾಕಿ ನಕ್ಕರು. ಮೊದಲ ಸಲ ಗಟ್ಟಿಯಾಗಿ! ಮತ್ತೆ ಹನ್ನೆರಡು ಹಾಕಿದೆ. ಮೊದಲಿನಿಂದ ಕೊನೆಯವರೆಗೆ ನಿಶ್ಶಬ್ದ.

ಮೇಲೆ ಒಂದು ವಿಷಯ ಬಚ್ಚಿಟ್ಟಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ನಿನಗೆ ದಡಾರ ಬಂದ ಹನ್ನೊಂದನೆಯ ದಿನ ನಮ್ಮ ಟಿವಿ ಕೆಟ್ಟಿತು, ರಿಪೇರಿಯವನು ಹೊತ್ತುಕೊಂಡು ಹೋದ. ಕೊನೆಯ ನಾಲ್ಕು ದಿನ ನಾನು ನೋಡುತ್ತಿದ್ದುದು ಕಸೂತಿ ಬಟ್ಟೆ ಹಾಸಿದ ಖಾಲಿ ಮೇಜನ್ನು. ಶಬ್ದ ಯಾಕಿಲ್ಲ ಎಂದು ನೀನು ಕೇಳಿದಾಗ, ಬಾಹ್ಯಾಕಾಶದಲ್ಲಿ ಗಾಳಿ ಇರಲ್ಲ ಕಣೇ, ಶಬ್ದ ಎಲ್ಲಿಂದ ಬರುತ್ತೆ ಅಂದಿದ್ದೆ. ಹಡಗು ತಿರುಗಿದ್ದು ಆ ಖಾಲಿ ಮೇಜಿನ ಮೇಲೆ. ಹೊಸದರ ಕೊನೆಯನ್ನು ನೋಡದೆ ಬರೆದೆ ಅಂದೆನಲ್ಲ, ಹಳೆಯದರ ಕೊನೆಯನ್ನೂ ನಾನು ನೋಡಿರಲಿಲ್ಲ.

ಈಗ ಟಿವಿಯನ್ನು ಒಂದು ಚಿತ್ರದ ಮೇಲೆ ನಿಲ್ಲಿಸಿ ಬರೆಯುತ್ತಿದ್ದೇನೆ. ಕ್ಯಾಪ್ಟನ್ ಬೆನ್ನ ಹಿಂದೆ, ಮೂಲೆಯಲ್ಲಿ, ಒಂದು ಮೇಜು ಇದೆ. ಅದರ ಮೇಲೆ ಕಸೂತಿ ಬಟ್ಟೆ ಬಿಟ್ಟರೆ ಏನೂ ಇಲ್ಲ.

ಯಾವ ದಿನ ಇಣುಕಿದೆಯೇ ನೀನು? ಇಣುಕಿ ನೋಡಿದ ಮೇಲೂ, ಮುಂದೇನಾಯ್ತಕ್ಕಾ ಅಂತ ಕೇಳ್ತಾನೇ ಇದ್ದೆಯಲ್ಲೇ!