ಕೋರಾಳಿಗೆ ಕೊಟ್ಟ ಜಾಗ

ಪೆಟಲೂಮ, ೧೮ ಅಕ್ಟೋಬರ್, ಶುಕ್ರವಾರ.

ಕೋರಾ ಸತ್ತಳು. ವಿಡಿಯೊ ಆಟದೊಳಗಿನ ಮುದುಕಿಯೊಬ್ಬಳಿಗಾಗಿ ನಿವೃತ್ತ ಪಾದ್ರಿಯೊಬ್ಬನು ಊಟ ಬಿಟ್ಟು ಕುಳಿತಿರುವುದು ಹಾಸ್ಯಾಸ್ಪದವೆಂದು ಬಲ್ಲೆ. ಆದರೂ ಮನಸ್ಸು ಸಮಾಧಾನಗೊಳ್ಳದು.

ಎರಡು ವರ್ಷಗಳ ಹಿಂದೆ, ಆ ಆಟದ ಮೊದಲ ಭಾಗದ ಕೊನೆಯ ಕಂತಿನಲ್ಲಿ, ದೋಣಿಯಲ್ಲಿ ಇನ್ನೊಬ್ಬರಿಗಷ್ಟೇ ಜಾಗವಿತ್ತು. ಆಟವನ್ನು ತಡೆಹಿಡಿದು ಪ್ರಾರ್ಥಿಸಿದೆ. ಬಳಿಕ ನನ್ನ ಪಾತ್ರದ ಒಡಹುಟ್ಟಿದ ತಮ್ಮನನ್ನೇ ದಡದಲ್ಲಿ ಬಿಟ್ಟು, ದೀಪಸ್ತಂಭ ಕಾಯುವ ಕೋರಾಳನ್ನು ಹತ್ತಿಸಿಕೊಂಡೆ. "ಈ ಆಯ್ಕೆ ನೆನಪಿನಲ್ಲಿರುತ್ತದೆ" ಎಂದು ಪರದೆಯು ವಚನವಿತ್ತಿತು. ಅದನ್ನು ನಂಬಿ, ಉಳಿಸಿಟ್ಟ ಆಟದ ಸಮೇತ ಆಟವಾಡುವ ಹಳೆಯ ಯಂತ್ರವನ್ನು ಜೋಪಾನ ಮಾಡಿದ್ದೆ.

ಇಂದು ಬಂದ ಎರಡನೆಯ ಭಾಗದಲ್ಲಿ, ಹತ್ತೇ ನಿಮಿಷಕ್ಕೆ, ಅವಳು ಮೆಟ್ಟಿಲಿನಿಂದ ಜಾರಿ ಸತ್ತಳು.

ಆ ಆಟಕ್ಕೆ ಕಥೆ ಬರೆಯುವ ಮಗಳು ಮಾರಿಟ್‌ಗೆ ಫೋನ್ ಮಾಡಿದೆ.

"ಅಯ್ಯೋ ಅಪ್ಪಾ, ಅವಳನ್ನ ಉಳಿಸಿದ ಎಲ್ಲರ ಆಟದಲ್ಲೂ ಅವಳು ಸಾಯ್ತಾಳೆ. ತಮ್ಮನನ್ನ ಉಳಿಸಿದ್ರೆ ಅವನು ಸಾಯ್ತಾನೆ. ಇಬ್ರಿಗೂ ಬೇರೆ ಬೇರೆ ಕಥೆ ಬರೀತಾ ಕೂತ್ರೆ ಆಟ ಮುಗಿಯೋದ್ಯಾವಾಗ?"

"ಈ ಸಾವು ಬರೆದೋರು ಯಾರಮ್ಮ?"

"ನಾನೇ. ಕ್ರಿಸ್‌ಮಸ್‌ಗೆ ಬಂದಾಗ್ಲೇ ಬರೆದಾಗಿತ್ತು. ನೀವು ಆ ಯಂತ್ರದ ಧೂಳು ಒರೆಸ್ತಿದ್ರಿ. ಹೇಳೋಕೆ ಬಾಯೇ ಬರ್ಲಿಲ್ಲ."

ಮನುಷ್ಯನ ಆಯ್ಕೆಗೆ ಬೆಲೆಯುಂಟೆಂದು ಮೂವತ್ತೆಂಟು ವರ್ಷ ಬೋಧಿಸಿದೆ. ಮುಂದಿನ ಸಾಲಿನಲ್ಲಿ ಕುಳಿತು ಕೇಳಿದವಳೇ ನನ್ನ ಆಯ್ಕೆಯನ್ನು ಅಳಿಸಿದಳು. ಅಳಿಸಿ, ಹತ್ತು ತಿಂಗಳು ನನ್ನೊಡನೆ ನಗುತ್ತಿದ್ದಳು.

ಮತ್ತೆ ಪರದೆಯ ಮುಂದೆ ಕುಳಿತೆ. ಕೋರಾಳನ್ನು ಬೆಟ್ಟದಲ್ಲಿ ಹೂಳುವುದೋ, ಕಡಲಿಗೊಪ್ಪಿಸುವುದೋ ಎಂದು ಆಟ ಕೇಳಿತು. ಯಾವ ಗುಂಡಿಯನ್ನೂ ಒತ್ತಲಿಲ್ಲ. ಹತ್ತು ಸೆಕೆಂಡು ಕಳೆದವು. "ನಿಮ್ಮ ಮೌನ ನೆನಪಿನಲ್ಲಿರುತ್ತದೆ" ಎಂದಿತು.

ಮಾರಿಟ್‌ಳ ಕರೆ ಮತ್ತೆ ಬರುತ್ತಿದೆ. ಎತ್ತಲು ಮನಸ್ಸಾಗುತ್ತಿಲ್ಲ.