ಅಂಜಲ್ ತಲೆ ಯಾರಿಗೆ

೧೨ ಫೆಬ್ರವರಿ ೧೯೮೮, ಶುಕ್ರವಾರ. ಬೌಷರ್.

ಗಲ್ಫಿನ ನಮ್ಮ ಮಂಗಳೂರಿನವರ ಟೀಮು ಫುಟ್‌ಬಾಲ್ ಸೆಮಿಫೈನಲ್ ಸೋತಿತು. ಕೊನೆಯ ನಿಮಿಷದಲ್ಲಿ ಸಿಕ್ಕ ಒಂದೇ ಪೆನಾಲ್ಟಿಯನ್ನು ಕ್ಯಾಸ್ಮಿರ್ ಹೊರಗೆ ಒದ್ದ. ಪಿಕಪ್‌ನಲ್ಲಿ ಮರಳುವಾಗ ಹುಡುಗರು ಯಾರೂ ಅವನೊಡನೆ ಮಾತಾಡಲಿಲ್ಲ.

ನಮ್ಮ ರೂಮಿನಲ್ಲಿ ಶುಕ್ರವಾರದ ಸಾರಿನ ಅಂಜಲ್ ಮೀನಿನ ತಲೆ ಗೋಲು ಹೊಡೆದವನಿಗೆ. ಇವತ್ತು ಗೋಲೇ ಇಲ್ಲ, ಅದು ಪಾತ್ರೆಯಲ್ಲೇ ಉಳಿದಿತ್ತು. ನಾನು ಕ್ಯಾಸ್ಮಿರನ ತಟ್ಟೆಗೆ ಹಾಕಿದೆ.

"ಗೋಲ್ ಎಲ್ಲುಂಟು ಮಾಮ್, ತಲೆ ಕೊಡ್ಲಿಕ್ಕೆ?" ಸ್ಟ್ಯಾನಿ ಕೇಳಿದ. ಹುಡುಗರಿಗೆಲ್ಲ ನಾನು ಮಾಮ್, ಅಂದರೆ ಮಾವ.

"ಕಿಕ್ ಯಾರು ಹೊಡೀತೀರಿ ಅಂತ ಕೇಳಿದಾಗ ನೀನು ಬೂಟಿನ ಲೇಸ್ ಕಟ್ತಾ ಕೂತಿದ್ದಿ. ಚೆಂಡು ಎತ್ಕೊಂಡು ಹೋದದ್ದು ಇವನೊಬ್ಬನೇ," ಅಂದೆ.

ಕ್ಯಾಸ್ಮಿರ್ ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ. ಸ್ವಲ್ಪ ಹೊತ್ತಿಗೆ ಸ್ಟ್ಯಾನಿ ತಟ್ಟೆ ಹಿಡಿದು ಅವನ ಪಕ್ಕಕ್ಕೆ ಜರುಗಿದ. "ಕಣ್ಣಿನ ಭಾಗ ನನಗಿಡು ಮಾರಾಯಾ."

ಆಮೇಲೆ ಕ್ಯಾಸ್ಮಿರ್ ಉಂಡ, ಪಾಪ. ಈಗ ಅವನಿಗೆ ನಿದ್ದೆ ಹತ್ತಿದೆ. ನಿದ್ದೆಯಲ್ಲೂ ಬಲಗಾಲು ಹೊದಿಕೆಯನ್ನು ಒದೆಯುತ್ತಿದೆ. ಎದ್ದು ಹೊದಿಸಿ ಬರಬೇಕು.