ಅಮ್ಮನ ವರ್ಗಾವಣೆ ಫೈಲು

ಶ್ರೀನಗರ, ಬೆಂಗಳೂರು-50
18 ನವೆಂಬರ್ 2025, ಮಂಗಳವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಹರಿಹರದಲ್ಲಿ ಈಗ ಚಳಿ ಶುರುವಾಗಿರಬೇಕು. ಚಿಕ್ಕಮ್ಮನ ಮನೆಯ ನೆಲ ಬೇರೆ ಕೊರೆಯುತ್ತದೆ, ಬರಿಗಾಲಲ್ಲಿ ಓಡಾಡಬೇಡ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವ ನಿನ್ನ ಚಾಳಿ ನನಗೆ ಗೊತ್ತಿದೆ. ನಿನ್ನ ಮೇಲೆ ಒಂದು ಕಣ್ಣಿಡು ಎಂದು ಚೂಡಾಮಣಿ ಚಿಕ್ಕಮ್ಮನಿಗೆ ಹೇಳಿದ್ದೇನೆ, ಆದರೆ ತಂಗಿಯಾದವಳು ಯಾವತ್ತಿದ್ದರೂ ನಿನ್ನ ಪಾರ್ಟಿಯೇ. ನಾನು ಚೆನ್ನಾಗಿದ್ದೇನೆ, ಹೊತ್ತು ಹೊತ್ತಿಗೆ ತಿನ್ನುತ್ತಿದ್ದೇನೆ. ಫೋನಿನಲ್ಲಿ ನಮ್ಮಿಬ್ಬರ ಮಾತು ‘ಊಟ ಆಯ್ತಾ’, ‘ಆಯ್ತು’ ದಾಟಿ ಮುಂದೆ ಹೋಗುವುದಿಲ್ಲ, ಅಷ್ಟರಲ್ಲಿ ನೀನು ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಮೂರೂವರೆ ವರ್ಷ ದೇಶ ದೇಶದಿಂದ ನಿನಗೆ ಕಾರ್ಡು ಬರೆದವಳಿಗೆ ಶ್ರೀನಗರದಿಂದ ಹರಿಹರಕ್ಕೆ ಬರೆಯುವುದು ಏನು ಮಹಾ ಅಂದುಕೊಂಡಿದ್ದೆ. ಎರಡು ಹಾಳೆ ಹರಿದು ಹಾಕಿದೆ, ಇದು ಮೂರನೆಯದು.

ಇಲ್ಲಿ ಎಲ್ಲ ನೀನು ಬಿಟ್ಟುಹೋದ ಹಾಗೇ ಇದೆ. ಕಡಲೆಕಾಯಿ ಪರಿಷೆ ಶುರುವಾಗಿ ಬಸ್ಸುಗಳು ಎಲ್ಲೆಲ್ಲೋ ಸುತ್ತಿ ಬರುತ್ತಿವೆ. ಸೊಪ್ಪಿನ ಯಲ್ಲವ್ವ ದಿನಾ ಗೇಟಿನ ಹತ್ತಿರ ನಿಂತು ನಿನ್ನನ್ನು ಕೇಳುತ್ತಾಳೆ, ನಾನು ಬೇಡ ಎಂದರೂ ಸಬ್ಬಸಿಗೆ ಕಟ್ಟು ಇಟ್ಟು ಹೋಗುತ್ತಾಳೆ. ದೇವರ ಜಗಲಿಯ ಮೇಲೆ ದೀಪ ಹಚ್ಚುತ್ತಿದ್ದೇನೆ, ವಿಭೂತಿ ಗಟ್ಟಿ ಮುಗಿಯುತ್ತಾ ಬಂತು. ಆದರೆ ಒಂದು ವಿಷಯದಲ್ಲಿ ನಾನಿನ್ನೂ ಸುಧಾರಿಸಿಲ್ಲ. ನಾನು ತಿರುಗಾಟ ಮುಗಿಸಿ ವಾಪಸು ಬಂದ ವಾರ ನೀನು ಬಚ್ಚಲಿನ ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದ್ದು ನೆನಪಿದೆಯಾ? ಸ್ನಾನ ಮುಗಿಸಿ ಸೋಪಿನ ಡಬ್ಬಿ, ಬ್ರಷ್ಷು, ಟವೆಲು ಎಲ್ಲವನ್ನೂ ಎತ್ತಿಕೊಂಡು ರೂಮಿಗೆ ಹೊರಟಿದ್ದೆ. ಹಾಸ್ಟೆಲುಗಳಲ್ಲಿ ಬಿಟ್ಟು ಬಂದರೆ ಮತ್ತೆ ಸಿಗುವುದಿಲ್ಲವಲ್ಲ, ಅಲ್ಲಿ ಹತ್ತಿದ ಅಭ್ಯಾಸ. ‘ಇದು ಲಾಡ್ಜ್ ಅಲ್ಲ ಕಣೇ, ಇಲ್ಲಿ ಯಾರೂ ನಿನ್ ಸೋಪು ಕದಿಯಲ್ಲ’ ಎಂದು ನೀನು ನಗುತ್ತಾ ಹೇಳಿದ್ದೆ. ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ, ನಾನು ನೋಡಿದೆ. ಈಗ ಮನೆಯಲ್ಲಿ ನಾನೊಬ್ಬಳೇ. ಆದರೂ ದಿನಾ ಸೋಪಿನ ಡಬ್ಬಿ ನನ್ನ ಜೊತೆ ರೂಮಿಗೆ ಬರುತ್ತದೆ.

ಬಂದ ನಾಲ್ಕನೆಯ ದಿನ ನಡೆದದ್ದನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ. ನಾನು ತರಕಾರಿ ಅಂಗಡಿಗೆ ಹೋಗಿದ್ದೆ. ಅಲ್ಲಿ, ನೀನು ಪ್ರಾರ್ಥನೆಗೆ ಹೋಗುವ ಅಕ್ಕನ ಬಳಗದ ಸುಧಾಮಣಿ ಆಂಟಿ ಸಿಕ್ಕಿ, ರಜಾ ಎಷ್ಟು ದಿನ, ಮುಂದಿನ ಪೋಸ್ಟಿಂಗ್ ಎಲ್ಲಿಗೆ ಎಂದು ಕೇಳಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಹತ್ತು ನಿಮಿಷದಲ್ಲಿ ಅವರಿಂದಲೇ ಎಲ್ಲ ತಿಳಿಯಿತು. ನಾನು ಯಾವುದೋ ಫಾರಿನ್ ಲೈಬ್ರರಿ ಕಂಪನಿಯಲ್ಲಿದ್ದೇನೆ, ಮೊದಲು ವಿಯೆಟ್ನಾಮಿಗೆ ಹಾಕಿದರು, ಆರು ತಿಂಗಳಿಗೆ ಜಾರ್ಜಿಯಾಕ್ಕೆ ಟ್ರಾನ್ಸ್‌ಫರ್ ಆಯಿತು, ಆಮೇಲೆ ಟರ್ಕಿ, ಪೋರ್ಚುಗಲ್, ಪೆರು. ನಾನು ಪೋರ್ಚುಗಲ್ಲಿನಲ್ಲಿ ಆಲಿವ್ ಕೀಳುತ್ತಿದ್ದೆ, ಪೆರುವಿನಲ್ಲಿ ಹಾಸ್ಟೆಲಿನ ಹಾಸಿಗೆ ಬಟ್ಟೆ ಒಗೆಯುತ್ತಿದ್ದೆ. ಮನೆಗೆ ಬಂದವಳೇ ನಿನ್ನ ಮೇಲೆ ಹರಿಹಾಯ್ದೆ. ನೀನು ಹುರುಳಿಕಾಯಿ ಬಿಡಿಸುತ್ತಾ ತಲೆ ಎತ್ತದೆ ಹೇಳಿದೆ: ‘ಅಲೀತಾ ಇದಾಳೆ ಅಂದ್ರೆ ಜನ ನೂರು ಕೇಳ್ತಾರೆ ಸಂಗೀತಾ. ಟ್ರಾನ್ಸ್‌ಫರ್ ಆಯ್ತು ಅಂದ್ರೆ ಯಾವೂರಿಗೆ ಅಂತ ಒಂದೇ ಕೇಳ್ತಾರೆ.’ ನಾನು ಅಷ್ಟಕ್ಕೆ ಸುಮ್ಮನಾಗಿದ್ದರೆ ಆಗುತ್ತಿತ್ತು. ‘ನಿನಗೆ ಮಗಳು ಬೇಕಿರಲಿಲ್ಲಮ್ಮ, ನಾಲ್ಕು ಜನರ ಮುಂದೆ ಹೇಳ್ಕೊಳ್ಳೋಕೆ ಮಗಳ ಕೆಲಸ ಬೇಕಿತ್ತು’ ಎಂದುಬಿಟ್ಟೆ. ಅಪ್ಪ ತೀರಿಕೊಂಡ ವರ್ಷವೇ ನಿನ್ನನ್ನು ಬಿಟ್ಟು ಹೊರಟವಳು ಆಡುವ ಮಾತಲ್ಲ ಅದು. ವಾರ ಕಳೆಯುವುದರೊಳಗೆ ನೀನು ಬ್ಯಾಗು ತುಂಬಿಕೊಂಡೆ. ‘ಕೆಲಸ ಸಿಕ್ಕಿದ ದಿನ ಹೇಳು, ಬರ್ತೀನಿ. ಅಲ್ಲೀ ತನಕ ನಾನಿಲ್ಲಿದ್ರೆ ಬಳಗದವರಿಗೆ ಏನಂತ ಹೇಳ್ಲಿ’ ಎಂದೆ. ಮೆಜೆಸ್ಟಿಕ್ಕಿನಲ್ಲಿ ನಾನೇ ನಿನ್ನನ್ನು ಬಸ್ಸು ಹತ್ತಿಸಿ ಬಂದೆ. ನಾಲ್ಕು ತಿಂಗಳಾಯಿತು.

ಕೆಲಸದ ವಿಷಯ ಕೇಳು. ಒಂಬತ್ತು ವರ್ಷ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದವಳು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಬೆರಳು ಅರ್ಜಿಯಲ್ಲಿ ಖಾಲಿ ಬಿದ್ದ ಮೂರೂವರೆ ವರ್ಷದ ಮೇಲೆ ಬಂದು ನಿಲ್ಲುತ್ತದೆ. ಜೆ.ಪಿ. ನಗರದ ಶಾಲೆಯಲ್ಲಿ ಇಪ್ಪತ್ತಾರರ ಹುಡುಗಿಯೊಬ್ಬಳು ನನ್ನನ್ನು ಮೇಡಂ ಮೇಡಂ ಎನ್ನುತ್ತಲೇ, ಈ ಗ್ಯಾಪಿನಲ್ಲಿ ಏನು ಕಲಿತಿರಿ ಎಂದಳು. ಹೊಸ ಊರಿನಲ್ಲಿ ಬಸ್ಸು ಹೇಗೆ ಕೇಳಬೇಕು, ಯಾರನ್ನು ನಂಬಬೇಕು ಎಂದು ಹೇಳಲು ಹೊರಟೆ. ಅವಳು ಕಂಪ್ಯೂಟರಿನಲ್ಲಿ ಏನನ್ನೋ ಟೈಪ್ ಮಾಡಿಕೊಂಡಳು, ಒಂದೇ ಪದ. ಬಿಟಿಎಂನಲ್ಲಿ ಒಂದು ಕಡೆ ಲೈಬ್ರರಿ ಅಂದರೆ ಎಂಟು ಕಂಪ್ಯೂಟರು, ಪುಸ್ತಕವೇ ಇಲ್ಲ. ಜಯನಗರದ ಕಾಲೇಜಿನ ಪ್ರಿನ್ಸಿಪಾಲರು ಮಾತ್ರ ಮುಕ್ಕಾಲು ಗಂಟೆ ಪ್ರೀತಿಯಿಂದ ಮಾತಾಡಿದರು. ಜಾರ್ಜಿಯಾ ವೀಸಾಕ್ಕೆ ಏನೇನು ಬೇಕು, ಮಗನನ್ನು ಕಳಿಸಬಹುದಾ ಎಂದೆಲ್ಲ ಕೇಳಿ, ಚೀಟಿಯ ಮೇಲೆ ಬರೆದುಕೊಂಡು, ಕಾಫಿ ಕೊಟ್ಟು ಕಳಿಸಿದರು. ಆಮೇಲೆ ಫೋನಿಲ್ಲ. ಹೀಗೆ ಹದಿನಾಲ್ಕು ಕಡೆ. ಹೊರಗಡೆ ಯಾವ ಊರಿನಲ್ಲಿ ದಾರಿ ತಪ್ಪಿದರೂ ನನಗೆ ಹೆದರಿಕೆಯಾಗಿರಲಿಲ್ಲ ಅಮ್ಮಾ. ಜಯನಗರದ ಬಸ್‌ಸ್ಟಾಪಿನಲ್ಲಿ ಫೈಲು ಹಿಡಿದು ಕೂತಿದ್ದಾಗ, ನಾನು ಎಲ್ಲಿಗೂ ಬೇಡದವಳು ಎನ್ನಿಸಿಬಿಟ್ಟಿತು. ಮೂರು ಬಸ್ಸು ಬಿಟ್ಟು ನಾಲ್ಕನೆಯದು ಹತ್ತಿದೆ.

ಆಗಲೇ ಸರ್ವಮಂಗಳಾ ಆಂಟಿ ಫೋನ್ ಮಾಡಿದ್ದು. ಅಕ್ಕನ ಬಳಗದ ಅಧ್ಯಕ್ಷೆ ಎಂದಷ್ಟೇ ನನಗೆ ಗೊತ್ತಿತ್ತು, ಅವರು ಒಂದು ಹೈಸ್ಕೂಲು ನಡೆಸುವ ಟ್ರಸ್ಟಿನ ಕಾರ್ಯದರ್ಶಿಯೂ ಅಂತೆ. ಹನುಮಂತನಗರದ ಮನೆಗೆ ಕರೆಸಿಕೊಂಡರು. ಲೈಬ್ರರಿಗೆ ಒಬ್ಬರು ಬೇಕು, ಕಮಲಕ್ಕನ ಮಗಳು ಫಾರಿನ್ ಸಾಕು ಎಂದು ಬಂದಿದ್ದರೆ ನಮಗೇ ಇರಲಿ, ಆ ಕಂಪನಿಯಿಂದ ಒಂದು ಅನುಭವದ ಸರ್ಟಿಫಿಕೇಟ್ ತಂದುಕೊಟ್ಟರೆ ಸಾಕು, ಕಮಿಟಿಯಲ್ಲಿ ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ನಾನು ಹೂಂ ಎಂದೆ. ಇಲ್ಲ ಎಂದರೆ ನೀನು ಸುಳ್ಳುಗಾರ್ತಿ ಆಗುತ್ತೀಯ, ಹೂಂ ಎಂದರೆ ಕೆಲಸ ಸಿಗುತ್ತದೆ, ನೀನು ಮನೆಗೆ ಬರುತ್ತೀಯ. ಮನೆಗೆ ಬಂದು ಸುಳ್ಳು ಸರ್ಟಿಫಿಕೇಟನ್ನು ನಾನೇ ಟೈಪ್ ಮಾಡಲು ಕೂತೆ. ಯಾವ ದೇಶಕ್ಕೆ ಯಾವಾಗ ಹೋದೆ ಎನ್ನುವುದು ನನಗೇ ಸರಿಯಾಗಿ ನೆನಪಿಲ್ಲ. ನಾನು ಬರೆದ ಕಾರ್ಡುಗಳಲ್ಲಿ ತಾರೀಖು ಇರುತ್ತದೆಂದು ನಿನ್ನ ಟ್ರಂಕು ತೆಗೆದೆ. ಬೈಯಬೇಡ.

ಅಪ್ಪನ ಫೈಲು ಸಿಕ್ಕಿತು. ವಿದ್ಯುತ್ ಮಂಡಳಿಯವರ ವರ್ಗಾವಣೆ ಆದೇಶಗಳನ್ನೆಲ್ಲ ಅಪ್ಪ ಟ್ಯಾಗು ಹಾಕಿ ಕಟ್ಟಿಟ್ಟಿದ್ದರಲ್ಲ, ಶಿರಾ, ಹಿರಿಯೂರು, ಕಡೂರು, ತಿಪಟೂರು, ಹನ್ನೊಂದು ಊರು. ಕೊನೆಯ ಆದೇಶದ ಕೆಳಗೆ, ಅದೇ ಟ್ಯಾಗಿಗೆ, ನನ್ನ ಕಾರ್ಡುಗಳನ್ನು ಪಂಚ್ ಮಾಡಿ ನೀನು ಸೇರಿಸಿದ್ದೀಯ. ಪೆರುವಿನ ಕಾರ್ಡಿನಲ್ಲಿ ಬೆಟ್ಟದ ಚಿತ್ರಕ್ಕೆ ನೆತ್ತಿಯಲ್ಲೇ ತೂತು. ಪ್ರತಿ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ, ಅಪ್ಪ ಬರೆಯುತ್ತಿದ್ದ ಹಾಗೇ, ‘ಹಾಜರು’ ಎಂದು ಒಂದು ತಾರೀಖು, ‘ಬಿಡುಗಡೆ’ ಎಂದು ಇನ್ನೊಂದು. ನಾನು ಕಳೆದ ವರ್ಷ ಎರಡೂವರೆ ತಿಂಗಳು ಕಾಗದವನ್ನೂ ಬರೆಯದೆ, ಫೋನನ್ನೂ ಮಾಡದೆ ಇದ್ದೆನಲ್ಲ, ಆ ಜಾಗದಲ್ಲಿ ಕ್ಯಾಲೆಂಡರಿನ ಹಿಂಬದಿಯ ಖಾಲಿ ಹಾಳೆಯೊಂದನ್ನು ಕತ್ತರಿಸಿ ಹಾಕಿದ್ದೀಯ. ಅದರ ಮೇಲೆ ಒಂದೇ ಪದ, ‘ಟ್ರೈನಿಂಗ್’. ಅಮ್ಮಾ, ನಾನು ಟ್ರೈನಿಂಗಿನಲ್ಲಿರಲಿಲ್ಲ. ಕಾಯಿಲೆಯಾಗಿಯೂ ಮಲಗಿರಲಿಲ್ಲ. ಬೊಲಿವಿಯಾದ ಒಂದು ಕೆರೆಯ ದಂಡೆಯಲ್ಲಿ ಖುಷಿಯಾಗಿದ್ದೆ, ಸುಮ್ಮನೆ ನಿನ್ನನ್ನು ಮರೆತಿದ್ದೆ. ಆ ಹಾಳೆಯನ್ನು ನೋಡಿ ತುಂಬ ಅತ್ತೆ. ಅತ್ತು ಮುಗಿಸಿ, ನಿನ್ನ ಪೆನ್ಸಿಲಿನ ತಾರೀಖುಗಳನ್ನೇ ನೋಡಿ ಸರ್ಟಿಫಿಕೇಟನ್ನು ಪೂರ್ತಿ ಮಾಡಿದೆ.

ನಿನ್ನೆ ಸಂಜೆ ಅದನ್ನು ಲಕೋಟೆಯಲ್ಲಿಟ್ಟುಕೊಂಡು ಸರ್ವಮಂಗಳಾ ಆಂಟಿಯ ಮನೆಗೆ ಹೋದೆ. ಕಾರ್ತಿಕದ ಕೊನೆಯ ಸೋಮವಾರ, ಬಳಗದ ಪ್ರಾರ್ಥನೆ ಆಗತಾನೆ ಮುಗಿದು ಎಲ್ಲರೂ ಹೋಗಿದ್ದರು. ಲಕೋಟೆ ತೊಡೆಯ ಮೇಲಿತ್ತು. ಅವರು ನಿನ್ನ ವಿಷಯ ತೆಗೆದರು. ‘ನಿಂಗೆ ಟ್ರಾನ್ಸ್‌ಫರ್ ಆದಾಗೆಲ್ಲ ಕಮಲಕ್ಕ ನಿಮ್ಮನೇಲಿ ಹಾಲು ಉಕ್ಕಿಸೋರು, ಗೊತ್ತಾ? ಹೊಸ ಮನೆಗೆ ಹೋದಾಗ ಉಕ್ಕಿಸಬೇಕು, ಅವಳಿಗೆ ಅಲ್ಲಿ ಯಾರು ಹೇಳ್ತಾರೆ, ಅದಕ್ಕೇ ಇಲ್ಲೇ ಉಕ್ಕಿಸ್ದೆ ಅನ್ನೋರು. ಆ ಹಾಲಲ್ಲೇ ಪಾಯಸ ಮಾಡ್ಕೊಂಡು ಬಳಗಕ್ಕೆ ತರೋರು.’ ಅಪ್ಪನ ಜೊತೆ ಹನ್ನೊಂದು ಊರಿನ ಕ್ವಾರ್ಟರ್ಸಿನಲ್ಲಿ ಸಾಮಾನು ಬಿಚ್ಚುವುದಕ್ಕೂ ಮೊದಲು ಒಲೆ ಹಚ್ಚಿ ಹಾಲಿಡುತ್ತಿದ್ದವಳು ನೀನು. ಉಕ್ಕಿ ಚೆಲ್ಲುವವರೆಗೆ ನಮ್ಮನ್ನು ಕದಲಲು ಬಿಡುತ್ತಿರಲಿಲ್ಲ. ನಾನು ಯಾವುದೋ ದೇಶದಲ್ಲಿ ಬೆನ್ನಿನ ಚೀಲ ಇಳಿಸಿದಾಗಲೆಲ್ಲ ಶ್ರೀನಗರದ ಒಲೆಯ ಮೇಲೆ ನನ್ನ ಹೆಸರಿನಲ್ಲಿ ಹಾಲು ಉಕ್ಕುತ್ತಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ನೀನು ಜನರಿಗೆ ಹೇಳಿಕೊಳ್ಳಲು ಒಂದು ಕೆಲಸ ಹುಡುಕಿದ್ದಲ್ಲ, ನಾನಿರುವ ಕಡೆ ಒಂದು ಮನೆ ಮಾಡಿಕೊಡುತ್ತಿದ್ದೆ. ಅವತ್ತು ಆಡಿದ ಮಾತಿಗೆ ನನ್ನನ್ನು ಕ್ಷಮಿಸಮ್ಮಾ.

ಮುಂದೆ ಬರೆಯಲು ಈಗ ಕೈ ಬರುತ್ತಿಲ್ಲ. ಕೊರಿಯರ್ ಅಂಗಡಿ ಆರಕ್ಕೆ ಮುಚ್ಚುತ್ತದೆ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಅವಳ ಚಟ್ನಿಪುಡಿ ಮುಗಿದು ತಿಂಗಳಾಯಿತೆಂದೂ ಹೇಳು. ಚಳಿಯಲ್ಲಿ ಬೆಳಿಗ್ಗೆ ತಣ್ಣೀರು ಮುಟ್ಟಬೇಡ. ಅಪ್ಪನ ಫೋಟೋಗೆ ಇವತ್ತು ಸೇವಂತಿಗೆ ಏರಿಸಿದ್ದೇನೆ. ನಿನ್ನ ಕಾಲಿಗೆ ನಮಸ್ಕರಿಸಿ,

ನಿನ್ನ
ಸಂಗೀತಾ

ಮರೆತೆ ಅಂತಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆ ಲಕೋಟೆಯನ್ನು ನಾನು ಕೊಡಲಿಲ್ಲ. ನಾನು ಯಾವ ಕಂಪನಿಯಲ್ಲೂ ಇರಲಿಲ್ಲ, ಊರು ಸುತ್ತುತ್ತಿದ್ದೆ, ಅಮ್ಮನಿಗೆ ಕೆಲಸದಲ್ಲಿದ್ದೇನೆ ಎಂದು ಸುಳ್ಳು ಹೇಳಿದ್ದೆ, ಅವಳು ಪಾಪ ನಂಬಿದಳು ಎಂದೆ. ಸರ್ವಮಂಗಳಾ ಆಂಟಿ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ‘ಅಂಥ ತಾಯಿಗೆ ಹಿಂಗ್ ಮಾಡಬಹುದೇನಮ್ಮ ನೀನು’ ಎಂದರು. ಮಾಡಬಾರದಿತ್ತು ಎಂದೆ, ಅದಂತೂ ನಿಜವನ್ನೇ ಹೇಳಿದೆ. ಆ ಕೆಲಸ ಹೋಯಿತು. ಬಳಗದವರಿಗೆಲ್ಲ ಇನ್ನು ಸಿಟ್ಟು ಬಂದರೆ ನನ್ನ ಮೇಲೆ, ನಿನ್ನ ಮೇಲಲ್ಲ. ನಿನಗೆ ಏನೂ ಗೊತ್ತಿರಲಿಲ್ಲ, ಇದನ್ನು ನೆನಪಿಟ್ಟುಕೋ. ಯಾರಾದರೂ ಅಯ್ಯೋ ಪಾಪ ಎಂದರೆ ಸುಮ್ಮನೆ ಅನ್ನಿಸಿಕೋ. ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅಪ್ಪನ ಆದೇಶಗಳನ್ನು ನೋಡಿಕೊಂಡೇ ಟೈಪ್ ಮಾಡಿದ್ದು: ಶ್ರೀಮತಿ ಕಮಲಾದೇವಿ ಅವರನ್ನು ಹರಿಹರದಿಂದ ಬೆಂಗಳೂರಿನ ಶ್ರೀನಗರಕ್ಕೆ ವರ್ಗಾಯಿಸಲಾಗಿದೆ, ಏಳು ದಿನಗಳೊಳಗೆ ಹಾಜರಾಗತಕ್ಕದ್ದು. ನನಗೆ ಕೆಲಸ ಸಿಕ್ಕಿಲ್ಲ. ಆದರೂ ಬಾ. ಹಾಲು ಈ ಸಲ ನಾನು ಉಕ್ಕಿಸುತ್ತೇನೆ.